ಗಾಳಿತಡೆ

ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ,
ಅದರೊಳಗೆ ಹನ್ನೆರಡಡಿ ಚಿನ್ನದ ಆಕಾಶ.
ಪೂರ್ತಿ ಬಿಚ್ಚಿದರೆ ಅಡುಗೆಮನೆ ಬಾಗಿಲು ಮುಚ್ಚಿಹೋಗುತ್ತದೆ.
ಒಂದು ಲೋಟ ನೀರಿಗೂ
ಹೆಬ್ಬಾತುಗಳನ್ನು ಬಳಸಿ ಹಿತ್ತಿಲಿಂದ ಬರಬೇಕು.
ಹಾಗಾಗಿ ದಿನಕ್ಕೆರಡೇ ಮಡಿಕೆ ತೆರೆಯುತ್ತೇನೆ:
ಸೋಮವಾರ ಜೊಂಡು,
ಮಂಗಳವಾರ ಬರೀ ಮೋಡ.

ಶುರುವಾದದ್ದು ರೇಷ್ಮೆಯಿಂದ.
ಮಾನಂದವಾಡಿ ರಸ್ತೆಯಲ್ಲಿ ಹುಳು ಎಣಿಸುವ ಕೆಲಸ ನನ್ನದು.
ತಳಿ ಕಲಿಸಲು ಬಂದಿದ್ದ ಹಿರಾನೊ
ಊರಿಗೆ ಹೊರಟಾಗ ಸಣ್ಣದೊಂದು ಕೊಟ್ಟ, ಎರಡೇ ಮಡಿಕೆಯದು,
ಅವನಜ್ಜಿಯದಂತೆ, ಮೂಲೆ ಇಲಿ ತಿಂದದ್ದು.
‘ಬ್ಯೋಬು’ ಅಂದ. ‘ಅಂದರೆ ಗಾಳಿತಡೆ.’
ಆಷಾಢ. ಕಿಟಕಿ ಬಡಿದುಕೊಳ್ಳುತ್ತಿತ್ತು.
ಗಾಳಿಗೆ ಅಡ್ಡ ಇಟ್ಟೆ.
ಬಿತ್ತು.
ಇಬ್ಬರೂ ನಕ್ಕೆವು.

ಆಮೇಲೆ ಹಿಡಿದದ್ದು ಹುಚ್ಚು.
ಯಾದವಗಿರಿಯ ಬಂಗಲೆಯೊಂದರ ಹರಾಜಿನಲ್ಲಿ
ತುಕ್ಕು ಹಿಡಿದ ಹೊಲಿಗೆ ಮಿಷನ್ನಿನ ಹಿಂದೆ
ಈ ಆರು ಮಡಿಕೆಯದು ಗೋಡೆಗೆ ಮುಖ ಮಾಡಿ ನಿಂತಿತ್ತು.
ಬೆನ್ನ ಮೇಲೆ ಯಾರೋ ಪೆನ್ಸಿಲಿನಲ್ಲಿ ಅಗಸನ ಲೆಕ್ಕ ಬರೆದಿದ್ದರು:
ಸೀರೆ ನಾಲ್ಕು, ದಿಂಬಿನ ಕವರು ಆರು, ಒಂದು ಬಾಕಿ.
ಪಿಎಫ್ ದುಡ್ಡು ಅಲ್ಲಿಗೆ ಹೋಯಿತು.
‘ಇಷ್ಟಕ್ಕೆ ಒಂದು ಕಾರು ಬರ್ತಿತ್ತು ಕಣೇ’ ಅಂದರು ನಮ್ಮೋರು.
‘ಕಾರು ಮಡಚಿಡೋಕಾಗುತ್ತಾ?’ ಅಂದೆ.

ನರಸರಾಜು ಬಂದು ನೋಡಿದ.
ಮೂರು ತಲೆಮಾರಿನಿಂದ ದೇವರ ಪಟಕ್ಕೆ
ಚಿನ್ನದ ರೇಕು ಕೂರಿಸಿದ ಬೆರಳು ಅವನದು.
ಮುಟ್ಟಲಿಲ್ಲ. ಬಗ್ಗಿ, ಉಸಿರು ಹಿಡಿದು, ಬಹಳ ಹೊತ್ತು.
‘ನಾವು ಚಿನ್ನ ಹಾಕೋದು ಕಿರೀಟಕ್ಕೆ, ಒಡವೆಗೆ.
ಇವರು ಏನೂ ಇಲ್ಲದ ಜಾಗಕ್ಕೆ ಹಾಕಿದಾರಲ್ಲಮ್ಮ!’
ಆಮೇಲೆ ಕೀಲು ತೋರಿಸಿದ:
ತಗಡಿಲ್ಲ, ಮೊಳೆಯಿಲ್ಲ, ಬರೀ ಕಾಗದ,
ಆಚೆಗೂ ಬಾಗುತ್ತೆ, ಈಚೆಗೂ.
ಕೂಲಿ ಹೇಳದೆ ಹೋದ. ಮಾರನೇ ದಿನ ಅಂಟು ತಂದ.

ಇಂಥವು ಒಂಟಿಯಾಗಿ ಹುಟ್ಟುವುದಿಲ್ಲ, ಜೋಡಿ.
ನನ್ನಲ್ಲಿ ಐದು ಹೆಬ್ಬಾತು, ಎಲ್ಲವೂ ಎಡಕ್ಕೆ.
ಐದನೆಯದರ ಕುತ್ತಿಗೆ ಅಂಚು ತಲುಪಿ ನಿಂತಿದೆ.
ಕೊಕ್ಕು ಇಲ್ಲ.
ಆ ಕೊಕ್ಕು ಯಾರ ಮನೆಯಲ್ಲಿದೆ?
ಹನ್ನೊಂದು ವರ್ಷ
ಗುಜರಿಯವರನ್ನು ಕೇಳಿದೆ, ಬೀಗರನ್ನು ಕೇಳಿದೆ,
ಕೊಚ್ಚಿಯ ದಲ್ಲಾಳಿಗೆ ಮುಂಗಡ ಕೊಟ್ಟು ಮೋಸಹೋದೆ.

ಕೊನೆಗೆ ಸುದ್ದಿ ಬಂದದ್ದು ಮಂಡ್ಯದಿಂದ,
ಗುತ್ತಲು ರಸ್ತೆಯ ಡಾಕ್ಟರ್ ಪುಟ್ಟಸಿದ್ದಯ್ಯನವರ ಶಾಪಿನಿಂದ.
ಪ್ಯಾಸೆಂಜರ್ ಹತ್ತಿ ಹೋದೆ.
ಟೋಕನ್ ಇಪ್ಪತ್ತಮೂರು.
ಅಲ್ಲಿತ್ತು. ಚಿನ್ನ. ಜೊಂಡು. ಹೆಬ್ಬಾತು.
ಅದರ ಮರೆಯಲ್ಲಿ ಜನ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುತ್ತಿದ್ದರು.
ಅಂಚಿಗೆ ಓಡಿದೆ, ಜ್ವರದವರನ್ನು ದಾಟಿ.

ಅಲ್ಲೂ ಎಡಕ್ಕೇ.
ಅಲ್ಲೂ ಕೊನೆಯ ಹಕ್ಕಿಗೆ ಕೊಕ್ಕಿಲ್ಲ.
ಒಂದೇ ಕಾಲಿನ ಎರಡು ಚಪ್ಪಲಿ.

ಪಕ್ಕದಲ್ಲಿ ಕೊಕ್ಕರೆ ಬೆಳ್ಳೂರಿನ ಮುದುಕರೊಬ್ಬರು
ತೋಳು ಮಡಚಿ ಹತ್ತಿ ಅದುಮಿಕೊಂಡು ಅಂದರು:
‘ನಮ್ಮ ಹಕ್ಕಿ ಅಲ್ಲ ಬಿಡವ್ವ.
ನಮ್ಮವು ಬಾಯಲ್ಲಿ ಕಡ್ಡಿ ಹಿಡ್ಕಂಡು ಬತ್ತವೆ.
ಇವು ಬರಿಗೈಲಿ ಹೋಯ್ತಾವೆ.’

ಬೆಲೆ ಕೇಳಿದೆ, ಅಭ್ಯಾಸಬಲ.
ಡಾಕ್ಟರು ಸಿರಿಂಜು ಎತ್ತಿ ಗುಳ್ಳೆ ಕಳೆಯುತ್ತ,
‘ಕೊಡೋಕಿಲ್ಲಮ್ಮ.
ಮಕ್ಕಳು ಹಕ್ಕಿ ಎಣಿಸ್ತವೆ. ಐದು ಅನ್ನೋದರೊಳಗೆ
ನಾನು ಚುಚ್ಚಿಬಿಟ್ಟಿರ್ತೀನಿ.’

ಬಿಸಿಲಿಗೆ ಇಡಬೇಡಿ ಎಂದೆ. ಫಿನಾಯಿಲ್ ಒರೆಸಬೇಡಿ ಎಂದೆ.
ಕಂಪೌಂಡರ್ ಚೀಟಿಯಲ್ಲಿ ಬರೆದುಕೊಂಡ,
ಮೂರು ಹೊತ್ತು ಎಂಬಂತೆ.

ಆ ರಾತ್ರಿ ಮನೆಗೆ ಬಂದು
ಮೊದಲ ಸಲ ಆರೂ ಮಡಿಕೆ ಬಿಚ್ಚಿ ನಿಲ್ಲಿಸಿದೆ.
ಗಾಳಿ ಇರಲಿಲ್ಲ.
ನಮ್ಮೋರು ಏನೂ ಕೇಳದೆ
ಚಪ್ಪಲಿ ಮೆಟ್ಟಿ, ಟಾರ್ಚು ಹಿಡಿದು,
ಹಿತ್ತಿಲು ಸುತ್ತಿಕೊಂಡು
ನೀರು ಕುಡಿಯಲು ಹೋದರು.