ಇಳಿಸಿ ಬಿಗಿ

ಸದ್ದು ಮೊದಲು ಕೇಳಿದ್ದು ನನಗಲ್ಲ,
ಹಿಂದೆ ಕೂತಿದ್ದ ಯಾವುದೋ ಊರಿನ ಅಜ್ಜಿಗೆ.
ಕೊಡಚಾದ್ರಿಯ ನಾಲ್ಕನೇ ತಿರುವಿನಲ್ಲಿ
'ತಮ್ಮಾ, ನಿನ್ ಗಾಡಿ ಹಲ್ಲು ಕಡೀತದೆ' ಅಂದಳು.
ನಕ್ಕೆ. ರೇಡಿಯೋ ಜೋರು ಮಾಡಿದೆ.
ಮೂರು ವಾರ ಹಾಗೇ ಹತ್ತಿಸಿದೆ, ಇಳಿಸಿದೆ.

ಈಗ ಶಿವಮೊಗ್ಗದ ಆಟೋ ಕಾಂಪ್ಲೆಕ್ಸು.
ಲಾಳ ಕಟ್ಟಲು ಕೆಡವಿದ ಎತ್ತಿನ ಹಾಗೆ
ಚಕ್ರವಿಲ್ಲದ ಜೀಪು, ಜಾಕಿನ ಮೇಲೆ.
ಗಫಾರ್ ಸಾಬರು ಪ್ಲೇಟಿನ ಕಣ್ಣಿಗೆ ಬೆರಳು ತೂರಿಸಿ
ಕಪ್ಪು ಹಿಟ್ಟು ಗೀರಿ ನನ್ನ ಅಂಗೈಗೆ ಹಾಕಿದರು:
'ತಗೋ, ನಿನ್ನ ಬುಷ್ಷು.'

ಸುತ್ತಿಗೆಗೆ ಬಗ್ಗುವ ಜಾತಿಯಲ್ಲ ಅದು.
ಒತ್ತಿ ಕೂರಿಸಿದ್ದನ್ನು ಒತ್ತಿಯೇ ಎಬ್ಬಿಸಬೇಕು:
ಈ ಕಡೆ ದೊಡ್ಡ ಪೈಪಿನ ತುಂಡು, ಆ ಕಡೆ ಸಾಕೆಟ್ಟು,
ನಡುವೆ ಮರೆಯುದ್ದದ ಥ್ರೆಡ್ ರಾಡು,
ಪಾನಾಕ್ಕೆ ಅರ್ಧ ಸುತ್ತು, ಒಂದು ಉಸಿರು,
ಮತ್ತೆ ಅರ್ಧ ಸುತ್ತು.
ಏಳು ಬಂದವು. ಗೇರುಪೆಟ್ಟಿಗೆ ಹೊತ್ತಿದ್ದೂ ಬಂತು,
ಹಳೇ ಚಕ್ಕುಲಿಯಂತೆ ಮುರಿದು.

ಎಂಟನೆಯದು ಹತ್ತು ಮಳೆಗಾಲದ ತುಕ್ಕು.
ರಬ್ಬರು ಸುಟ್ಟರು. ಆ ನಾತಕ್ಕೆ
ಎದುರಿನ ಇಡ್ಲಿ ಗಾಡಿ ಬೈದುಕೊಂಡು ಜಾಗ ಬದಲಿಸಿತು.
ಗರಗಸದ ಬ್ಲೇಡನ್ನು ಕಣ್ಣೊಳಗೆ ಪೋಣಿಸಿ
ಪರ್ವೇಜ ಚಿಪ್ಪು ಕೊಯ್ಯತೊಡಗಿದ.
ಹದಿನೇಳರ ಹುಡುಗ, ನಾಲಿಗೆ ಹೊರಗೆ.
'ಚಿಪ್ಪು ಮಾತ್ರ ಮಗನೇ. ಕಣ್ಣಿಗೆ ಗೆರೆ ಬಿದ್ರೆ
ಪ್ಲೇಟೇ ಹೋಯ್ತು.'
ನಾನು ಟೀ ಮರೆತೆ.

ಹೊಸ ಬುಷ್ಷುಗಳು ರಾತ್ರಿಯೆಲ್ಲ
ಖಾರ್ವಿ ಸುಗಂಧಿಯಕ್ಕನ ಐಸ್ ಪೆಟ್ಟಿಗೆಯಲ್ಲಿ
ಬಂಗುಡೆಗಳ ಪಕ್ಕ ಮಲಗಿ ಒಂದೆಳೆ ಸಣ್ಣಗಾಗಿದ್ದವು.
ಸೋಪಿನ ನೀರು ಸವರಿ, ಗ್ರೀಸಿನ ಡಬ್ಬಿ ದೂರ ಒದ್ದು,
ಒಂದೊಂದನ್ನೇ ಒಳಗೆ ಒತ್ತಿದರು.
ಕೂತಾಗ ಬಾಟಲಿ ಮುಚ್ಚಿದಷ್ಟೇ ಸದ್ದು.

ಅವಸರದವನು ನಾನು. ಬೋಲ್ಟಿಗೆ ಪಾನಾ ಹಾಕಿದೆ.
ಕೈ ಮೇಲೆ ಏಟು ಬಿತ್ತು.
'ಗಾಳೀಲಿ ನೇತಾಡೋವಾಗ ಬಿಗಿದ್ರೆ
ಇಳಿಸಿದ ಕೂಡ್ಲೆ ರಬ್ಬರು ತಿರುಚಿಕೊಳ್ತದೆ,
ತಿಂಗಳಲ್ಲಿ ಹರೀತದೆ.
ಮೊದ್ಲು ಇಳಿಸು. ಭಾರ ಕೂರ್ಲಿ. ಆಮೇಲೆ ಬಿಗಿ.'

ಭಾರ ಎಲ್ಲಿಂದ ತರುವುದು?
ವೈರಿಂಗಿನ ಇಬ್ಬರು, ಪರ್ವೇಜ, ಇಡ್ಲಿಯವನು,
ಸೀಟು ಹೊಲಿಯುವ ಕುಂಟ ನಿಂಗೋಜಿ,
ಮೀನಿನ ಕತ್ತಿ ಕೆಳಗಿಟ್ಟು ಸುಗಂಧಿಯಕ್ಕ:
ಆರು ಜನ ಹತ್ತಿ ಕೂತರು,
ಎಲ್ಲಿಗೂ ಹೊರಡದ ಯಾತ್ರಿಕರು.
ಅಡಿಯಲ್ಲಿ ಸಾಬರ ಎರಡು ಕಾಲು ಮಾತ್ರ.

'ಮೇಲಿಂದ ಸಮುದ್ರ ಕಾಣತ್ತಂಬ್ರಲೆ, ಹೌದಾ?'
ಅಕ್ಕ ಕೇಳಿದಳು. ಗಂಗೊಳ್ಳಿ ಬಿಟ್ಟು
ಹತ್ತೊಂಬತ್ತು ವರ್ಷವಂತೆ.
'ಮೋಡ ಇಲ್ಲದಿದ್ರೆ.'
'ಯಾವ್ ಬದಿಗೆ?'
ಪಂಕ್ಚರ್ ಅಂಗಡಿಯ ತಗಡಿನತ್ತ ಕೈ ತೋರಿಸಿದೆ.
ಆರೂ ಜನ ಅತ್ತ ವಾಲಿದರು.
'ಅಲ್ಲಾಡ್ಬೇಡ್ರೋ!' ಕೆಳಗಿನಿಂದ ಸಾಬರು.

ಮರುದಿನ ನಾಲ್ಕನೇ ತಿರುವಿಗೆ ರೇಡಿಯೋ ಆರಿಸಿದೆ.
ಕಲ್ಲು, ಗುಂಡಿ, ಮತ್ತೆ ಕಲ್ಲು. ಹಲ್ಲು ಕಡಿಯಲಿಲ್ಲ ಗಾಡಿ.
'ಎಂತದು ವಾಸನೆ?' ಹಿಂದಿನ ಸೀಟು ಮೂಗು ಮುಚ್ಚಿತು.
ಬಂಗುಡೆ, ಅಂದೆ.