ಎಡಮೂಲೆ

ಎದುರು ಮಹಡಿಯ ತೊಂಗ್ ದೆಶುನ್‌ಗೆ ನಾನೊಂದು ಮೂಲೆ.
ಎಡಮೂಲೆ, ಮೇಲಿನದು.

ಹಾರ್ಬಿನ್ನಿನ ನಮ್ಮ ಓಣಿಯಲ್ಲಿ
ಅವನ ಕಿಟಕಿಗೆ ಮುಖಾಮುಖಿ ಒಂದು ಕೆಂಪಿಟ್ಟಿಗೆ ಗೋಡೆ.
ಸಾಲು ನೇರ, ಗಾರೆಯ ಗೀಟು ಸಣ್ಣ.
ಲೆನ್ಸಿನ ಸುಳ್ಳು ಹಿಡಿಯಲು ಇನ್ನೇನೂ ಬೇಡವಂತೆ.
ಗೋಡೆಯ ಮೇಲೆ ತಾರಸಿ, ತಾರಸಿಯ ತುದಿಗೆ ತಂತಿ,
ತಂತಿಯ ಮೇಲೆ ನನ್ನ ರಜಾಯಿ,
ರಜಾಯಿಯ ಪಕ್ಕ ನಾನು.

ಟ್ರಾಮು ಓಡಿಸಿದ ಕೈ ಅವನದು, ಸುಮ್ಮನಿರಲೊಲ್ಲದು.
ಭಾನುವಾರ ಹಳೇ ಸಾಮಾನಿನ ಸಂತೆಯಿಂದ
ಬಿಸಿ ಬನ್ನಿನ ಹಾಗೆ ಕಾಗದದಲ್ಲಿ ಸುತ್ತಿ ತರುತ್ತಾನೆ:
ಒಂದು ವಾರ ಕಡಲಹಕ್ಕಿ, ಎರಡು ಕಣ್ಣಿನದು,
ಒಂದು ವಾರ ಮುತ್ತಿನನದಿ, ಕನ್ನಡಿ ಸೀಳಿದ್ದು,
ಒಮ್ಮೆ ಶಾಂಘಾಯ್ ಐವತ್ತೆಂಟು. ಅದರ ತಳದಲ್ಲಿ
ಯಾವುದೋ ಉಕ್ಕಿನ ಕಾರ್ಖಾನೆಯ ಪ್ರಚಾರ ವಿಭಾಗದ ನಂಬರು
ಮೊಳೆಯಲ್ಲಿ ಗೀಚಿತ್ತು.

ಮೊದಲು ಕಿವಿಗಿಟ್ಟು ಕೇಳುತ್ತಾನೆ.
ಅರೆ ಸೆಕೆಂಡು ಎಷ್ಟು ಉದ್ದ ಅಂತ
ಗಡಿಯಾರಕ್ಕಿಂತ ಅವನ ಕಿವಿಗೆ ಗೊತ್ತು.
ಆಮೇಲೆ ಕಿಟಕಿಯಾಚೆ ಚಾಚಿ ಹಿಡಿಯುತ್ತಾನೆ,
ಸೊನ್ನೆಗಿಂತ ಇಪ್ಪತ್ತೈದು ಕೆಳಗಿನ ಗಾಳಿಗೆ, ಹತ್ತು ನಿಮಿಷ.
ಎಣ್ಣೆ ಗಟ್ಟಿಯಾಗಿ ಶಟರಿನ ಪರದೆ ಆಕಳಿಸಿದರೆ
"ದಕ್ಷಿಣದವಳು!" ಅಂತ ಬೈದು ಒಳಗೆಳೆದು
ಕೋಟಿನೊಳಗೆ, ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ.
ಹೆಂಡತಿಗೂ ಹಾಗೆ ಮಾಡಿದ್ದನೋ ಇಲ್ಲವೋ.
ನಾನು ಕೇಳಿಲ್ಲ.

ಒಮ್ಮೆ ಬ್ರೆಡ್ಡಿನ ಕ್ಯೂನಲ್ಲಿ ಪುಸ್ತಕ ಮರೆತುಹೋದ.
ತೆರೆದೆ. ತಾರೀಕು, ಲೆನ್ಸು, ಮೋಡ ಎಷ್ಟು, ಬಿಸಿಲು ಎಷ್ಟು.
"ನಡುವೆ ಚೂಪು. ಬಲಮೂಲೆ ಪರವಾಗಿಲ್ಲ. ಎಡಮೂಲೆ ಮಸುಕು."
ಹಾಳೆ ತಿರುವಿದೆ. ಎಡಮೂಲೆ ಮಸುಕು.
ಮಸುಕು. ತೀರಾ ಮಸುಕು. ಬೂಷ್ಟು ಒರೆಸಿದ ಮೇಲೂ ಮಸುಕು.
ಹತ್ತೊಂಬತ್ತು ವರ್ಷ!
ನಾರುಗಿರಣಿಯಲ್ಲಿ ಮೂರು ಪಾಳಿ ದುಡಿದವಳು,
ಒಬ್ಬ ಗಂಡನನ್ನೂ ಒಂದು ಗರ್ಭಕೋಶವನ್ನೂ ಕಳಕೊಂಡವಳು.
ನನ್ನ ಬಗ್ಗೆ ಲೋಕದಲ್ಲಿ ಬರೆದಿಟ್ಟದ್ದು ಇಷ್ಟೇ.
ಪುಸ್ತಕವನ್ನು ಅಂಗಡಿಯವಳ ಕೈಗಿಟ್ಟು ಬಂದೆ.
ಮುಂದಿನ ಭಾನುವಾರ ಬೇಕೆಂದೇ
ಬೆನ್ನು ತಿರುಗಿಸಿ ನಿಂತೆ.
ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಹೋದ ಚಳಿಗಾಲ ಶೆನ್ಯಾಂಗಿನಿಂದ ಯಾರೋ
ಕೆಂಪು ಬಾವುಟದ ಲೆನ್ಸು ತಂದರು. ಒಂದೇ ದಿನದ ಸಾಲ.
ಕ್ಯಾಮೆರಾ ಗೀಳಿನವರಲ್ಲೂ ಅದನ್ನು ಮುಟ್ಟಿದವರು
ಬೆರಳೆಣಿಕೆಯಷ್ಟಂತೆ.
ಅವತ್ತೇ ನನಗೆ ಜ್ವರ.
ಬಾಗಿಲು ಬಡಿದ ಸದ್ದು.
"ಯಾಕೆ ಬರಲಿಲ್ಲ? ಮೂಲೆ ಖಾಲಿ ಇದೆ."
ಹತ್ತೊಂಬತ್ತು ವರ್ಷಕ್ಕೆ ಅವನಾಡಿದ ಮೊದಲ ಮಾತು.
"ಜ್ವರ," ಅಂದೆ.
"ಬೆಳಕು ಮೂರಕ್ಕೆಲ್ಲ ಹೋಗುತ್ತೆ," ಅಂದ.

ರಜಾಯಿ ಅವನೇ ಹೊತ್ತ. ಅವನ ಮೈಯಿಂದ
ಯಂತ್ರದೆಣ್ಣೆಯ ವಾಸನೆ, ಸ್ವಲ್ಪ ಬೆಳ್ಳುಳ್ಳಿಯದೂ.
ತಂತಿಗೆ ಹಾಕಿ, ಕ್ಲಿಪ್ಪು ಸಿಗಿಸಿ,
ಮೆಟ್ಟಿಲಿಳಿದು ಓಣಿ ದಾಟಿ ಮತ್ತೆ ನಾಲ್ಕು ಮಹಡಿ ಹತ್ತಿದ,
ಎಪ್ಪತ್ತೊಂದು ವರ್ಷದವನು, ಬೀಳುತ್ತ ಏಳುತ್ತ.
ನಾನು ನಿಂತೇ ಇದ್ದೆ. ಮೂಗು ಸೋರುತ್ತಿತ್ತು.
ಒರೆಸಿಕೊಂಡರೆ ಅಲುಗುತ್ತೇನೇನೋ ಅಂತ
ಒರೆಸಿಕೊಳ್ಳಲಿಲ್ಲ.

ಬುಧವಾರ ಚಿತ್ರ ತಂದ, ಜತೆಗೊಂದು ಭೂತಗನ್ನಡಿ.
ಇಟ್ಟಿಗೆಗಳನ್ನು ಹಾರಿಸಿ ನೇರ ಮೂಲೆಗೆ ಬಂದೆ.
ರಜಾಯಿಯ ಹೂವಿನಲ್ಲಿ ಒಂದು ಎಸಳು
ಬೇರೆ ಕೆಂಪು. ದಾರ ಮುಗಿದ ವರ್ಷ
ಪಕ್ಕದ ಮಗ್ಗದವಳು ಕೊಟ್ಟ ದಾರ ಅದು.
ಹೊಲಿಗೆ ಎಣಿಸಬಹುದಿತ್ತು. ಎಣಿಸಿದೆ. ಮೂವತ್ತೆರಡು.
ನನ್ನ ಮೂಗಿನ ತುದಿಯ ಹನಿ ಕೂಡ ಇತ್ತು,
ದುಂಡಗೆ, ಅದರೊಳಗೆ ಚೂರು ಬಿಸಿಲು.
"ಅದನ್ನ ಅಳಿಸಬಹುದು," ಅಂದ ಟೋಪಿ ತಿರುಗಿಸುತ್ತ.
"ಇರಲಿ ಬಿಡು," ಅಂದೆ.
ಚಹಾ ಕುಡಿದ. ಲೋಟ ಎತ್ತಿ
ತಳದ ಗಾಜನ್ನು ದೀಪಕ್ಕೆ ಹಿಡಿದು ನೋಡಿದ.

ಆ ಲೆನ್ಸು ಅವತ್ತಿನ ರಾತ್ರಿ ರೈಲಿಗೇ ವಾಪಸು ಹೋಗಿತ್ತು.
ಈ ಭಾನುವಾರ ಮತ್ತೆ ಒಂದು ಕಡಲಹಕ್ಕಿ,
ಕಣ್ಣಿಗೆ ಪೊರೆ ಬಂದದ್ದು.
ತಾರಸಿಯಲ್ಲಿ ನಾನು, ನನ್ನ ಜಾಗದಲ್ಲಿ.
ಎಡಮೂಲೆ ಮಸುಕು ಅಂತ ಬರೆದಿರುತ್ತಾನೆ.
ಬರೆಯಲಿ.
ಮಸುಕಿನಲ್ಲಾದರೆ
ಮೂಗು ಒರೆಸಿಕೊಳ್ಳಬಹುದು.