ಈರುಳ್ಳಿ ಸಿಪ್ಪೆಯ ಬಣ್ಣ

ಆ ಸೋಮವಾರ ಪಾಠ ಶುರುವಾಗುವ ಮುಂಚೆ
ಮಕ್ಕಳ ಕೈ ನೋಡಬೇಕಿತ್ತು ನಾನು.
ಕೊಳೆಗಲ್ಲ. ಬಣ್ಣಕ್ಕೆ.

ಕೊರ್ಚ ಪಟ್ಟಣಕ್ಕೆ ಆ ವರ್ಷ ವಸಂತ ತಡ,
ಅಲ್ಬೇನಿಯದ ಆ ಮೂಲೆಯಲ್ಲಿ ನಾವಿನ್ನೂ
ಶಾಲೆಯ ಒಲೆಗೆ ಸೌದೆ ತುರುಕುತ್ತಿದ್ದೆವು.
ಚರ್ಚಿನೊಳಗೆ ಆಲೂಗಡ್ಡೆ ಮೂಟೆ.
ಗಂಟೆ ಕರಗಿ ಏನಾಯಿತೋ,
ಕೇಳುವವರಿರಲಿಲ್ಲ.
ದೇವರಿಲ್ಲವೆಂದು ಕಾನೂನೇ ಇದ್ದ ದೇಶದಲ್ಲಿ
ಹಬ್ಬದ ತಾರೀಖು ಮಾತ್ರ
ಮೇಲಿನವರಿಗೆ ಚೆನ್ನಾಗಿ ನೆನಪಿರುತ್ತಿತ್ತು.

ಚಾಚಿ, ಅಂದೆ.
ಮೂವತ್ತೆರಡು ಜೊತೆ ಕೈ.
ಶಾಯಿ, ಮಣ್ಣು, ಚಳಿಗೆ ಒಡೆದ ಗೆಣ್ಣು.
ಮೂರನೇ ಬೆಂಚಿನ ಸೋತಿರ್ ಮುಷ್ಟಿ ಬಿಚ್ಚಲಿಲ್ಲ.
ಬಿಚ್ಚಿಸಿದೆ.
ಉಗುರಿನ ಬುಡದಲ್ಲಿ ಕೆಂಪು.
ಎಷ್ಟು ಉಜ್ಜಿದ್ದರೋ, ಚರ್ಮವೂ ಕೆಂಪು,
ಯಾವುದು ಹಬ್ಬ ಯಾವುದು ಗಾಯ
ಹೇಳುವಂತಿರಲಿಲ್ಲ.

ಮಧ್ಯಾಹ್ನ ಅಜ್ಜಿ ಬಂದಳು, ಎವ್ತಿಮಿಯಾ.
ಜಮಖಾನದ ಕಾರ್ಖಾನೆಯಲ್ಲಿ
ಉಣ್ಣೆ ಅದ್ದುವ ಕಡಾಯಿಯ ಮುಂದೆ ಹತ್ತೊಂಬತ್ತು ವರ್ಷ;
ಮೊಣಕೈವರೆಗೂ ಕೆಂಪು, ನೀಲಿ, ಕಂದು.
ನಾನು ಬಾಗಿಲು ಹಾಕಿದೆ.
ಕೆಟ್ಟವಳಲ್ಲ ನಾನು, ಇದೊಂದು ತಿಳಿದಿರಲಿ,
ದಾರಿ ತೋರಿಸಿದವಳು ನಾನೇ:
ಕಾರ್ಖಾನೆಯ ಬಣ್ಣ ಅನ್ನಿ.
ಹುಡುಗ ನಿಮ್ಮ ಕೆಲಸದ ಬಟ್ಟೆ ಮುಟ್ಟಿದ ಅನ್ನಿ.
ಒಂದೇ ಸಾಲು. ನಾನು ಬರೆಯುತ್ತೇನೆ,
ನೀವು ರುಜು ಹಾಕಿ ಮನೆಗೆ ಹೋಗಿ.

ಅವಳು ತಕ್ಷಣ ಆಗಲ್ಲ ಅನ್ನಲಿಲ್ಲ.
ಇದನ್ನು ನಾನು ಮರೆತಿಲ್ಲ.
ಕಿಟಕಿಯಾಚೆ ಯಾರೋ ಚೆಂಡು ಒದೆಯುತ್ತಿದ್ದರು.
ಅವಳ ತುಟಿ ಎರಡು ಸಲ
ದನಿಯಿಲ್ಲದೆ ಆ ಸಾಲು ಹೇಳಿ ನೋಡಿತು,
ಅಂಗಡಿಯಲ್ಲಿ ಚಪ್ಪಲಿ ಮೆಟ್ಟಿ ನೋಡುವ ಹಾಗೆ.
ಅಳತೆ ಕೂಡಲಿಲ್ಲವೋ ಏನೋ.

“ಈರುಳ್ಳಿ ಸಿಪ್ಪೆ,” ಅಂದಳು,
“ಅದಕ್ಕೊಂದು ಚಮಚ ವಿನಿಗರ್.
ಮೊಟ್ಟೆ ಐದು. ಬಣ್ಣ ಹಾಕಿದ್ದು ನಾನು,
ಹುಡುಗ ಒಂದನ್ನು ಹಿಡಿದಿದ್ದ, ಅಷ್ಟೇ.
ಯಾಕೆ ಅಂತಲೂ ಬರೆದುಕೊಳ್ಳಿ ಟೀಚರಮ್ಮ,
ಅರ್ಧ ಬರೆದರೆ ಅದೂ ಸುಳ್ಳೇ.
ಸತ್ತವನು ಎದ್ದ, ಅದಕ್ಕೆ.”

ಬಂಡೆಯ ಹಾಗೆ ನಿಂತಳು ಅಂತ
ಈಗ ಕೆಲವರು ಭಾಷಣ ಮಾಡುತ್ತಾರೆ.
ಬಂಡೆಗೆ ಮೊಣಕಾಲಿರುವುದಿಲ್ಲ.
ಅವಳದು ನಡುಗುತ್ತಿತ್ತು, ಲಂಗದ ಅಂಚು ಅಲುಗುವಷ್ಟು.
ಕುರ್ಚಿ ಎಳೆದು ಕೊಟ್ಟೆ.
ಕೂರಲಿಲ್ಲ.

ಬರೆದೆ. ದುಂಡಗಿನ ಅಕ್ಷರ ನನ್ನದು,
ಬಹುಮಾನ ಬಂದ ಅಕ್ಷರ.

ಜೌಗು ಬಸಿಯುವ ಹಳ್ಳಿಗೆ ಅಟ್ಟಿದರು, ನಾಲ್ಕು ವರ್ಷ.
ಸೋತಿರನಿಗೆ ಕೊರಳಿಗೆ ಕಟ್ಟುವ ರುಮಾಲು ಸಿಗಲಿಲ್ಲ.
ಅದೂ ಕೆಂಪೇ,
ಆದರೆ ಆ ಕೆಂಪಿಗೆ ಅಪ್ಪಣೆಯಿತ್ತು.

ಆಮೇಲೆ ಎಲ್ಲ ಬಿತ್ತು, ನಿಮಗೆ ಗೊತ್ತಿದೆ.
ಚರ್ಚಿನ ಬಾಗಿಲು ತೆರೆದ ಮೊದಲ ಈಸ್ಟರ್ ರಾತ್ರಿ
ಮೇಣದ ವಾಸನೆಯ ಅಡಿಯಲ್ಲಿ ಇನ್ನೂ ಆಲೂಗಡ್ಡೆಯ ವಾಸನೆ.
ಸುಮ್ಮನೆ ನೋಡಿ ಬರುತ್ತೇನೆಂದು ಗಂಡನಿಗೆ ಹೇಳಿ
ಸಾಲಿನಲ್ಲಿ ನಾನೂ ನಿಂತಿದ್ದೆ.
ಬುಟ್ಟಿ ಹಿಡಿದು ಬಂದವಳ ಬೆನ್ನು ಬಾಗಿತ್ತು,
ಎರಡು ಹಲ್ಲು ಉಳಿದಿದ್ದವು.
ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು.
ಚಾಚಿ, ಅಂದಳು.

ಚಾಚಿದೆ.
ಅಂಗೈಗೆ ಮೊಟ್ಟೆ, ಹಕ್ಕಿಯಷ್ಟು ಭಾರ.
“ಕ್ರಿಸ್ತ ಎದ್ದ,” ಅಂದಳು.
ಅದಕ್ಕೊಂದು ಉತ್ತರವಿದೆ,
ಎರಡೇ ಮಾತು,
ಪಕ್ಕದ ಮಗುವಿಗೂ ಗೊತ್ತಿತ್ತು.
ನನ್ನ ತುಟಿ ಹೇಳಿ ನೋಡಿತು, ದನಿಯಿಲ್ಲದೆ.
ಅವಳು ಕಾಯಲಿಲ್ಲ, ಅವಸರವನ್ನೂ ಮಾಡಲಿಲ್ಲ,
ಮುಂದಿನವರ ಕೈಗೆ ಹೋದಳು.

ಮನೆಗೆ ಬಂದು ದೀಪದಡಿ ನೋಡಿಕೊಂಡೆ:
ಹೆಬ್ಬೆರಳಿನ ಗೆರೆಗಳಲ್ಲಿ ತುಸು ಬಣ್ಣ.
ಎರಡು ದಿನ
ಪಾತ್ರೆ ಗಂಡನೇ ತೊಳೆದ.